ರಿಲೇ ರೂಮಿನ ಬೀಗದ ಕೈ ಹಿಡಿದ ಕಾವ್ಯಾಳಿಗೆ

ಚಿ. ಕಾವ್ಯಾಳಿಗೆ ದಾವಣಗೆರೆಯಿಂದ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ದೊಡ್ಡಮ್ಮನ ಮಂಡಿನೋವು ಹಾಗೇ ಇದೆ, ಅದು ಬಿಟ್ಟರೆ ಹೊಸದೇನಿಲ್ಲ.

ರೈಲ್ವೆ ಸಿಗ್ನಲ್ ಕೆಲಸಕ್ಕೆ ಹೊಸದಾಗಿ ಸೇರಿದ ನೀನು, ಸಿಗ್ನಲ್ ಕೆಟ್ಟಾಗ ಗಾಡಿ ಬಿಡೋಕೆ ಅಡ್ಡದಾರಿ ಹಿಡಿಯಬಹುದಾ ಅಂತ ಮೊನ್ನೆ ಫೋನಿನಲ್ಲಿ ಕೇಳಿದ್ದಕ್ಕೆ ಆಗಲೇ ಎರಡು ಮಾತಲ್ಲಿ ಉತ್ತರ ಹೇಳಬಹುದಿತ್ತು. ಆದರೆ ಅದು ಎರಡು ಮಾತಲ್ಲಿ ಮುಗಿಯುವ ವಿಷಯ ಅಲ್ಲ ಅಂತ ಸುಮ್ಮನಾದೆ. ಪಾಯಿಂಟ್ (ಗಾಡಿಯನ್ನು ಒಂದು ಲೈನಿಂದ ಇನ್ನೊಂದಕ್ಕೆ ತಿರುಗಿಸುವ ಹಳಿ) ಸರಿಯಾಗಿ ಕೂತಿದೆ ಅನ್ನುವ ಇಂಡಿಕೇಶನ್ ಬರ್ತಿಲ್ಲ, ಗಾಡಿ ಸ್ಟೇಷನ್ನಿಗೆ ಒಳಗೆ ಬಿಡುವ ಹೋಮ್ ಸಿಗ್ನಲ್ ಹೊರಗೆ ನಿಂತಿದೆ, ಕಂಟ್ರೋಲ್‌ನಿಂದ ಫೋನ್ ಮೇಲೆ ಫೋನ್, ಅಂಥ ಹೊತ್ತಲ್ಲಿ ಹಳಬರೊಬ್ಬರು ಬಂದು "ರಿಲೇ ರೂಮಲ್ಲಿ ಒಂದು ತುಂಡು ವೈರ್ ಹಾಕಿ ಫೀಡ್ ಕೊಟ್ಟುಬಿಡಮ್ಮ, ಗಾಡಿ ಹೋದ ಮೇಲೆ ತೆಗೆದರಾಯ್ತು, ಎಲ್ಲಾ ಕಡೆ ಹೀಗೇ ಮಾಡೋದು" ಅಂದರು ಅಂದೆ. ಸಿಗ್ನಲ್, ಪಾಯಿಂಟ್ ನಡೆಸುವ ರಿಲೇಗಳು, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್ಚುಗಳು, ಇರುವ ಆ ಕೋಣೆಯಲ್ಲಿ ನೀನು ವೈರ್ ಹಾಕಲಿಲ್ಲ. ಬಹಳ ಒಳ್ಳೆ ಕೆಲಸ ಮಾಡಿದೆ. ಆದರೆ ಯಾಕೆ ಹಾಕಲಿಲ್ಲ ಅಂತ ಕೇಳಿದಾಗ "ಭಯ ಆಯ್ತು ದೊಡ್ಡಪ್ಪ" ಅಂದೆಯಲ್ಲ, ಅದು ನನ್ನ ತಲೆಯಲ್ಲೇ ಉಳಿಯಿತು. ಭಯ ಒಂದು ವರ್ಷದಲ್ಲಿ ಹೋಗುತ್ತದೆ, ಕೈ ಪಳಗುತ್ತದೆ. ಭಯ ಹೋದ ಮೇಲೂ ನಿನ್ನ ಕೈ ತಡೆಯುವಂಥ ಕಾರಣ ನಿನ್ನ ಹತ್ತಿರ ಇರಬೇಕು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಪಾಯಿಂಟ್, ಗೇಟ್, ಸಿಗ್ನಲ್ ಮೂರನ್ನೂ ಒಂದಕ್ಕೊಂದು ಕಟ್ಟಿಹಾಕುವ ಇಂಟರ್‌ಲಾಕಿಂಗ್‌ನ ನಿಯಮಗಳನ್ನು ಟ್ರೈನಿಂಗ್‌ನಲ್ಲಿ ಬಾಯಿಪಾಠ ಮಾಡಿಸಿರುತ್ತಾರೆ. ಆದರೂ ಒಂದು ಸಲ ನನ್ನ ಮಾತಲ್ಲಿ ಕೇಳು. ರೈಲಿಗೆ ಸ್ಟೇರಿಂಗ್ ಇಲ್ಲ. ಲೋಕೋ ಪೈಲಟ್ ಎಷ್ಟೇ ಹುಷಾರಿದ್ದರೂ ಬ್ರೇಕ್ ಹಾಕಬಹುದು ಅಷ್ಟೆ, ಗಾಡಿ ಯಾವ ಲೈನಿಗೆ ಹೋಗುತ್ತದೆ ಅನ್ನೋದು ಅವನ ಕೈಯಲ್ಲಿಲ್ಲ. ಗಂಟೆಗೆ 100 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್. ಎದುರಿಗೆ ಏನೋ ಕಂಡಿತು ಅಂತ ಬ್ರೇಕ್ ಹಾಕಿದರೆ ಗಾಡಿ ನಿಲ್ಲುವ ಹೊತ್ತಿಗೆ ಆಗೋದೆಲ್ಲ ಆಗಿ ಹೋಗಿರುತ್ತದೆ. ಹಾಗಾಗಿ ಅವನು ಹಸಿರು ದೀಪವನ್ನು ನಂಬಿಯೇ ಓಡಿಸಬೇಕು, ಬೇರೆ ದಾರಿ ಇಲ್ಲ. ಆ ಹಸಿರು ಸುಳ್ಳು ಹೇಳಬಾರದು.

ಹಸಿರು ದೀಪ ಏನೇನು ಹೇಳುತ್ತದೆ ನೋಡು. ಮುಂದಿನ ಎಲ್ಲಾ ಪಾಯಿಂಟ್ ಸರಿಯಾದ ಲೈನಿಗೆ ತಿರುಗಿವೆ, ಎದುರು ಸಿಗುವ ಪಾಯಿಂಟ್‌ಗಳಿಗೆ ಲಾಕ್ ಬಿದ್ದಿದೆ, ಗೇಟ್ ಹಾಕಿ ಬೀಗ ಆಗಿದೆ, ಪಕ್ಕದ ಲೈನಿಂದ ಯಾವ ಗಾಡಿಯೂ ಈ ದಾರಿಗೆ ಬಂದು ಸೇರದ ಹಾಗೆ ಬೇರ್ಪಡಿಸಿದೆ, ಲೈನ್ ಖಾಲಿ ಇದೆ. ನಿಲ್ಲಬೇಕಾದ ಜಾಗದಲ್ಲಿ ಬ್ರೇಕ್ ಸ್ವಲ್ಪ ಜಾರಿದರೂ ಇರಲಿ ಅಂತ ಸ್ಟೇಷನ್ನಿಂದ ಹೊರಡಿಸುವ ಸ್ಟಾರ್ಟರ್ ಸಿಗ್ನಲ್ ಆಚೆಗೂ 120 ಮೀಟರ್ ಖಾಲಿ ಇಟ್ಟಿರುತ್ತಾರೆ. ಇಷ್ಟರಲ್ಲಿ ಒಂದು ಇಲ್ಲದಿದ್ದರೂ ಸಿಗ್ನಲ್ ಬರಬಾರದು. ಇನ್ನು ಸಿಗ್ನಲ್ ಕೊಟ್ಟ ಮೇಲೆ, ಅದನ್ನು ವಾಪಸ್ ಕೆಂಪು ಮಾಡುವ ತನಕ ಈ ಪಾಯಿಂಟ್ ಆಗಲಿ ಗೇಟ್ ಆಗಲಿ ಅಲ್ಲಾಡಬಾರದು. ಒಂದಕ್ಕೊಂದು ಅಡ್ಡ ಬರುವ ಎರಡು ದಾರಿಗೆ ಒಂದೇ ಸಲ ಸಿಗ್ನಲ್ ಸಿಗಬಾರದು. ಇಂಗ್ಲೆಂಡಿನಲ್ಲಿ ಜಾನ್ ಸ್ಯಾಕ್ಸ್‌ಬಿ ಅನ್ನುವವರು ಪಾಯಿಂಟನ್ನೂ ಸಿಗ್ನಲನ್ನೂ ಜೋಡಿಸುವ ಪೇಟೆಂಟ್ ತಗೊಂಡದ್ದು 1856ರಲ್ಲಿ. ಆಗ ಲಿವರ್, ಕಬ್ಬಿಣದ ರಾಡು. ಆಮೇಲೆ ರಿಲೇ ಬಂತು, ಈಗ ನಿನ್ನ ಸ್ಟೇಷನ್ನಿನಲ್ಲಿ ಕಂಪ್ಯೂಟರ್ ಇದೆ. ನಿಯಮ ಮಾತ್ರ ಅವೇ.

ಕೊಟ್ಟ ಸಿಗ್ನಲ್ ಕ್ಯಾನ್ಸಲ್ ಮಾಡುವ ವಿಷಯವನ್ನು ಎಲ್ಲರೂ ಬೇಗ ಮರೆಯುತ್ತಾರೆ, ಅದಕ್ಕೇ ಒಂದು ಮಾತು. ಗಾಡಿ ಹತ್ತಿರ ಬಂದುಬಿಟ್ಟಿದೆ, ಪೈಲಟ್ ಆಗಲೇ ಹಸಿರು ನೋಡಿದ್ದಾನೆ, ಆಗ ಸ್ಟೇಷನ್ ಮಾಸ್ಟರ್ ಸಿಗ್ನಲ್ ಕೆಂಪು ಮಾಡಿದರೂ ದಾರಿ ತಕ್ಷಣ ಬಿಡುಗಡೆ ಆಗಲ್ಲ. ಎಮರ್ಜೆನ್ಸಿ ಬಟನ್ ಒತ್ತಿ 120 ಸೆಕೆಂಡ್ ಕಾಯಬೇಕು. ಅಷ್ಟರಲ್ಲಿ ಗಾಡಿ ನಿಂತಿರುತ್ತದೆ ಅಥವಾ ದಾಟಿ ಮುಂದಿನ ಟ್ರ್ಯಾಕ್ ಹಿಡಿದಿರುತ್ತದೆ. ಆ ಎರಡು ನಿಮಿಷ ಕಂಟ್ರೋಲ್‌ನವರಿಗೆ ಎರಡು ಗಂಟೆ ಅನ್ನಿಸುತ್ತದೆ. ಆದರೆ ಪಾಯಿಂಟ್ ಮೇಲೆ ಚಕ್ರ ಇರುವಾಗ ಪಾಯಿಂಟ್ ತಿರುಗದ ಹಾಗೆ ಕಾಯೋದು ಆ ಎರಡು ನಿಮಿಷವೇ. ಒತ್ತಿದ ಪ್ರತಿ ಸಲಕ್ಕೂ ಕೌಂಟರ್ ಒಂದು ಏರುತ್ತದೆ, ರಿಜಿಸ್ಟರಿನಲ್ಲಿ ಬರೆಯಬೇಕು. ಬರೆದದ್ದಕ್ಕೂ ಕೌಂಟರಿಗೂ ತಾಳೆ ಇದೆಯಾ ಅಂತ ಹೋದಾಗೆಲ್ಲ ನೋಡು. ತಾಳೆ ಇಲ್ಲ ಅಂದರೆ ಸ್ಟೇಷನ್ ಮಾಸ್ಟರ್ ಜೊತೆ ಕೂತು ಮಾತಾಡು, ಜಗಳ ಬೇಡ.

ಇನ್ನು ಫೇಲ್ ಆದರೆ ಯಾವ ಕಡೆ ಫೇಲ್ ಆಗಬೇಕು ಅನ್ನೋದು. ನನಗೆ ನಮ್ಮ ಕಸುಬಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ವಿಷಯ ಇದು, ಇವತ್ತಿಗೂ. ಟ್ರ್ಯಾಕ್ ಸರ್ಕಿಟ್ ನೋಡು. ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ರಿಲೇ, ನಡುವೆ ಎರಡು ಹಳಿಗಳೇ ವೈರ್. ಗಾಡಿ ಇಲ್ಲದಾಗ ಕರೆಂಟ್ ಹರಿದು ರಿಲೇ ಎತ್ತಿಕೊಂಡಿರುತ್ತದೆ. ಗಾಡಿ ಬಂದರೆ ಆಕ್ಸಲ್ ಎರಡು ಹಳಿಯನ್ನೂ ಶಾರ್ಟ್ ಮಾಡುತ್ತದೆ, ರಿಲೇ ಬೀಳುತ್ತದೆ. ಬಿದ್ದರೆ "ಲೈನಲ್ಲಿ ಗಾಡಿ ಇದೆ" ಅಂತ ಅರ್ಥ. ಈಗ ಬ್ಯಾಟರಿ ಸತ್ತರೂ ರಿಲೇ ಬೀಳುತ್ತದೆ, ವೈರ್ ಕಿತ್ತರೂ ಬೀಳುತ್ತದೆ, ಎಷ್ಟೋ ಸಲ ಹಳಿ ಮುರಿದರೂ ಬೀಳುತ್ತದೆ. ಅದರ ಆರ್ಮೇಚರ್, ಅಂದರೆ ಒಳಗಿನ ಅಲ್ಲಾಡುವ ತುಂಡು, ತನ್ನ ಭಾರಕ್ಕೇ ಕೆಳಗೆ ಬರುವ ಹಾಗೆ ಮಾಡಿದ್ದಾರೆ, ಸ್ಪ್ರಿಂಗನ್ನೂ ನಂಬಿಲ್ಲ. ಗೊತ್ತಿಲ್ಲದಿದ್ದರೆ "ಗಾಡಿ ಇದೆ" ಅಂತಲೇ ಹೇಳಬೇಕು, "ಖಾಲಿ ಇದೆ" ಅಂತ ಯಾವತ್ತೂ ಹೇಳಬಾರದು. ಅಮೆರಿಕದ ವಿಲಿಯಂ ರಾಬಿನ್ಸನ್ ಈ ಸರ್ಕಿಟ್ ಕಂಡುಹಿಡಿದದ್ದು 1872ರಲ್ಲಿ. ಕರೆಂಟ್ ದೀಪ ಕೂಡ ಮನೆಗಳಿಗೆ ಬಂದಿರಲಿಲ್ಲ, ಆಗಲೇ ಒಬ್ಬ ಮನುಷ್ಯ ಇಷ್ಟು ದೂರ ಯೋಚಿಸಿದ್ದ ಅಂದರೆ ನನಗೆ ಈಗಲೂ ಕೈಮುಗಿಯಬೇಕು ಅನ್ನಿಸುತ್ತದೆ.

ಹಾಗಾಗಿ ಮಳೆಗಾಲದಲ್ಲಿ ಜಲ್ಲಿಯೆಲ್ಲ ನೆಂದು, ಕೆಸರು ತುಂಬಿ, ಕರೆಂಟ್ ಸೋರಿ ರಿಲೇ ಬಿದ್ದು ಸಿಗ್ನಲ್ ಕೆಂಪಾಯಿತು ಅಂದರೆ ಬೇಜಾರು ಮಾಡ್ಕೋಬೇಡ. ಗಾಡಿ ತಡ ಆಗುತ್ತದೆ, ಬೈತಾರೆ, ಬೈಸಿಕೋ. ಅಶೋಕ ಟಾಕೀಸ್ ಹತ್ತಿರದ ಗೇಟಿನಲ್ಲಿ ಬಿಸಿಲಲ್ಲಿ ನಿಂತು ಗೇಟ್‌ಮನ್‌ಗೆ ಶಾಪ ಹಾಕದ ದಾವಣಗೆರೆಯವರು ನಮ್ಮ ಕಾಲದಲ್ಲಿ ಯಾರೂ ಇರಲಿಲ್ಲ. ಅವನು ಸುಮ್ನೆ ನಿಂತಿರುತ್ತಿದ್ದ, ಯಾಕೆಂದರೆ ಬೀಗದ ಕೈ ಸಿಗ್ನಲ್ ಜೊತೆ ಕಟ್ಟಿಹಾಕಿತ್ತು, ಅವನೇ ಬಯಸಿದರೂ ಗೇಟ್ ತೆರೆಯಲು ಬರುತ್ತಿರಲಿಲ್ಲ. ಕೆಂಪು ಬಿದ್ದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ ಅಂತ. ನೀನು ಭಯಪಡಬೇಕಾದದ್ದು ಇನ್ನೊಂದು ಥರದ ಫೇಲ್ಯೂರ್‌ಗೆ, ಎಲ್ಲಾ ಸರಿ ಇದ್ದ ಹಾಗೆ ಕಾಣುತ್ತಾ ಹಸಿರು ತೋರಿಸುವಂಥದ್ದಕ್ಕೆ. ಹೆಚ್ಚು ಓಡಾಟವಿಲ್ಲದ ಲೂಪ್ ಲೈನಲ್ಲಿ (ಮೇನ್ ಲೈನಿನ ಪಕ್ಕದ ಲೈನು) ಹಳಿ ತುಕ್ಕು ಹಿಡಿದಿದ್ದರೆ ಗಾಡಿ ನಿಂತಿದ್ದರೂ ಶಾರ್ಟ್ ಆಗದೆ ರಿಲೇ ಮೇಲೇ ಇರಬಹುದು. 0.5 ಓಮ್ ರೆಸಿಸ್ಟೆನ್ಸನ್ನು ಎರಡು ಹಳಿಗೂ ಅಡ್ಡ ಇಟ್ಟು ರಿಲೇ ಬೀಳುತ್ತದಾ ಅಂತ ನೋಡೋದು ಇದಕ್ಕೇ. ಅದನ್ನು ಕೂತಲ್ಲೇ ರಿಜಿಸ್ಟರಿನಲ್ಲಿ ಬರೆಯುವ ಅಭ್ಯಾಸ ಕಂಡಿದ್ದೇನೆ. ನೀನು ಹಳಿಯ ಹತ್ತಿರ ಹೋಗು.

ಈಗ ನಿನ್ನ ತುಂಡು ವೈರಿನ ವಿಷಯಕ್ಕೆ ಬರೋಣ.

ಸ್ಟೇಷನ್ ಮಾಸ್ಟರ್ ತಪ್ಪು ಬಟನ್ ಒತ್ತಿದರೆ ಇಂಟರ್‌ಲಾಕಿಂಗ್ ಬಿಡಲ್ಲ. ಗೇಟ್‌ಮನ್ ಮರೆತರೆ ಸಿಗ್ನಲ್ ಬರಲ್ಲ. ಪಾಯಿಂಟ್ಸ್‌ಮನ್ ಪಾಯಿಂಟನ್ನು ಕೈಯಲ್ಲೇ ತಿರುಗಿಸುವ ಕ್ರ್ಯಾಂಕ್ ಹ್ಯಾಂಡಲ್ ಹೊರಗೆ ತೆಗೆದಿದ್ದರೆ ಅದು ವಾಪಸ್ ಬರುವ ತನಕ ಸಿಗ್ನಲ್ ಇಲ್ಲ. ಎಲ್ಲರ ತಪ್ಪನ್ನೂ ಅದು ತಡೆಯುತ್ತದೆ, ಒಬ್ಬರದ್ದನ್ನು ಬಿಟ್ಟು. ರಿಲೇ ರೂಮಿನ ಬಾಗಿಲು ತೆಗೆದು ಒಳಗೆ ಕೈ ಹಾಕುವವರ ತಪ್ಪನ್ನು ತಡೆಯಲು ಅದರ ಹತ್ತಿರ ಏನೂ ಇಲ್ಲ. ನಿನ್ನನ್ನು ಚಿಕ್ಕವಳಿದ್ದಾಗ ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆ, ಏಳು ಸುತ್ತಿನ ಕೋಟೆ, ಬಾಗಿಲಿಂದ ಬಾಗಿಲಿಗೆ ತಿರುವು. ಅಷ್ಟೆಲ್ಲ ಇದ್ದರೂ ಹೈದರನ ಸೈನಿಕರು ಒಳಗೆ ತೂರಿದ್ದು ಒಂದು ಕಿಂಡಿಯಲ್ಲಿ, ಅಲ್ವಾ? ನಮ್ಮ ಇಂಟರ್‌ಲಾಕಿಂಗ್‌ಗೆ ಆ ಕಿಂಡಿ ರಿಲೇ ರೂಮು ಮತ್ತು ಹೊರಗೆ ಹಳಿ ಪಕ್ಕದಲ್ಲಿ ವೈರ್ ಜೋಡಿಸಿರುವ ಲೊಕೇಶನ್ ಬಾಕ್ಸು. ರಿಲೇ ರೂಮಿಗೆ ಎರಡು ಬೀಗ ಹಾಕಿ ಒಂದು ಕೈಯನ್ನು ಸ್ಟೇಷನ್ ಮಾಸ್ಟರ್ ಹತ್ತಿರ, ಇನ್ನೊಂದನ್ನು ನಮ್ಮವರ ಹತ್ತಿರ ಇಟ್ಟಿರೋದು ಇದೇ ಕಾರಣಕ್ಕೆ. ಲೊಕೇಶನ್ ಬಾಕ್ಸಿಗೆ ಅಷ್ಟು ಕಾವಲು ಇರಲ್ಲ, ಅಲ್ಲಿ ಇನ್ನೂ ಜಾಸ್ತಿ ಹುಷಾರು.

ನಿನಗೆ ಹೇಳಿದ ಆ ವೈರ್ ಏನು ಮಾಡುತ್ತಿತ್ತು ಗೊತ್ತಾ? ಪಾಯಿಂಟ್ ಇಂಡಿಕೇಶನ್ ಬಂದಿಲ್ಲ ಅಂದರೆ ಹಳಿಯ ನಾಲಿಗೆ, ಅಂದರೆ ಪಾಯಿಂಟಿನ ಸರಿಯುವ ಭಾಗ, ಪಕ್ಕದ ಹಳಿಗೆ ಸರಿಯಾಗಿ ಕೂತಿಲ್ಲದೆ ಇರಬಹುದು. ನಡುವೆ ಒಂದು ಜಲ್ಲಿಕಲ್ಲು ಸಿಕ್ಕಿರಬಹುದು. ತಿಂಗಳು ತಿಂಗಳು ಅಬ್ಸ್ಟ್ರಕ್ಷನ್ ಟೆಸ್ಟ್ ಯಾಕೆ ಮಾಡ್ತೀವಿ? ನಾಲಿಗೆಯ ತುದಿಯಿಂದ 150 ಮಿಲಿಮೀಟರ್ ಹಿಂದೆ 5 ಮಿಲಿಮೀಟರ್ ದಪ್ಪದ ತುಂಡು ಇಟ್ಟು ಮೋಟಾರ್ ಓಡಿಸಿದರೆ ಪಾಯಿಂಟ್ ಲಾಕ್ ಆಗಬಾರದು, ಇಂಡಿಕೇಶನ್ ಬರಬಾರದು, ಕ್ಲಚ್ ಜಾರಬೇಕು. ಬರೀ 5 ಮಿಲಿಮೀಟರ್, ನಿನ್ನ ಕಿರುಬೆರಳಿಗಿಂತ ತೆಳ್ಳಗೆ. ಅಷ್ಟು ಸಂದಿಯನ್ನೂ ಒಪ್ಪದ ಮಷೀನಿಗೆ ನೀನು ರಿಲೇ ರೂಮಿನಿಂದ "ಎಲ್ಲಾ ಸರಿ ಇದೆ" ಅಂತ ಹೇಳಿಸಿದರೆ, ಪ್ಯಾನಲ್ ಮೇಲೆ ಪಾಯಿಂಟ್ ಕೂತ ಹಾಗೆ ಕಾಣುತ್ತದೆ, ಸ್ಟೇಷನ್ ಮಾಸ್ಟರ್ ಸಿಗ್ನಲ್ ಕೊಡುತ್ತಾರೆ, ಪೈಲಟ್ ನಂಬುತ್ತಾನೆ. ಚಕ್ರದ ಅಂಚು ಆ ಸಂದಿಗೆ ಸಿಕ್ಕರೆ ಏನಾಗುತ್ತದೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಸರಪಳಿಯಲ್ಲಿ ಸುಳ್ಳು ಹೇಳಿದವಳು ನೀನೊಬ್ಬಳೇ ಆಗಿರುತ್ತಿದ್ದೆ, ಮಿಕ್ಕವರೆಲ್ಲ ತಮ್ಮ ಕೆಲಸ ಸರಿಯಾಗಿಯೇ ಮಾಡಿರುತ್ತಿದ್ದರು.

ಇದೆಲ್ಲ ದೂರದ ಮಾತಲ್ಲ. 2023ರ ಫೆಬ್ರವರಿ 8ರಂದು ನಮ್ಮ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಿತು, ಮುಂದೆ ಪಾಯಿಂಟ್ ತಪ್ಪು ಲೈನಿಗೆ ತಿರುಗಿತ್ತು. ಪೈಲಟ್ ಕಣ್ಣಿಟ್ಟು ನೋಡಿ ಮೊದಲೇ ನಿಲ್ಲಿಸಿದ, ಅದಕ್ಕೆ ಅಷ್ಟೂ ಜನ ಉಳಿದರು. ನಮ್ಮ ವಲಯದ ಆಪರೇಟಿಂಗ್ ವಿಭಾಗದ ಮುಖ್ಯಸ್ಥರು ಮರುದಿನವೇ ಪತ್ರ ಬರೆದರು. ಗಾಡಿ ಹೊರಟ ಮೇಲೆ ದಾರಿ ಬದಲಾಗುವಂಥ ಗಂಭೀರ ದೋಷ ಇದೆ, ಇದು ಇಂಟರ್‌ಲಾಕಿಂಗ್‌ನ ಮೂಲ ತತ್ವಕ್ಕೇ ವಿರುದ್ಧ ಅಂತ ಎಚ್ಚರಿಸಿದ್ದರು. ಆ ಪತ್ರ ದೇಶಕ್ಕೆಲ್ಲ ಗೊತ್ತಾದದ್ದು ಒಡಿಶಾದ ಬಾಲಸೋರ್ ಅಪಘಾತ ಆದ ಮೇಲೆ.

ಬಾಲಸೋರ್ ಕಥೆ ನಿನಗೆ ಗೊತ್ತು. ಜೂನ್ 2, ಅದೇ ವರ್ಷ, ಬಹನಗಾ ಬಜಾರ್ ಸ್ಟೇಷನ್. ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನಿಗೆ ಹಸಿರು ಇತ್ತು, ಪಾಯಿಂಟ್ ಲೂಪ್ ಲೈನಿಗೆ ತಿರುಗಿತ್ತು, ಲೂಪಿನಲ್ಲಿ ಅದಿರು ತುಂಬಿದ ಗೂಡ್ಸ್ ನಿಂತಿತ್ತು. ಚೆಲ್ಲಾಪಿಲ್ಲಿಯಾದ ಬೋಗಿಗಳು ಪಕ್ಕದಲ್ಲಿ ಹೋಗುತ್ತಿದ್ದ ಯಶವಂತಪುರ–ಹೌರಾ ಗಾಡಿಗೂ ಬಡಿದವು. 290ಕ್ಕೂ ಹೆಚ್ಚು ಜನ ಸತ್ತರು. ಸುರಕ್ಷತಾ ಆಯುಕ್ತರ ತನಿಖೆಯಲ್ಲಿ ಏನು ಬಂತು? ಹಿಂದೆ ಯಾವಾಗಲೋ ಸರ್ಕಿಟ್ ಬದಲಾಯಿಸಿದಾಗ ಆದ ಲೋಪ, ಮತ್ತು ಆ ದಿನ ಒಂದು ಲೆವೆಲ್ ಕ್ರಾಸಿಂಗ್ ಗೇಟಿನ ಎಲೆಕ್ಟ್ರಿಕ್ ಬ್ಯಾರಿಯರ್ ಬದಲಿಸುವ ಸಿಗ್ನಲ್ ಕೆಲಸದಲ್ಲಿ ಆದ ಲೋಪ. ಗೇಟಿನ ಕೆಲಸ ಕಣಮ್ಮ, ನಾವೆಲ್ಲ ಎಷ್ಟೋ ಸಲ ಮಾಡಿರುವಂಥ ಕೆಲಸ. ಹಿಂದೆ ಮಾಡಿದವರು ಬದಲಾವಣೆಯನ್ನು ಸರಿಯಾಗಿ ಗುರುತು ಹಾಕಿ ಇಡಲಿಲ್ಲ, ಆ ದಿನ ಬಂದವರು ವೈರಿನ ಮೇಲೆ ಬರೆದದ್ದನ್ನು ನಂಬಿ ಜೋಡಿಸಿದರು. ಪೈಲಟ್‌ಗೆ ಹಸಿರು ಕಂಡಿತ್ತು. ಅವನದ್ದೇನೂ ತಪ್ಪಿಲ್ಲ.

ಇನ್ನೊಂದು ನಮ್ಮವರೆಲ್ಲ ಓದಲೇಬೇಕಾದದ್ದು ಲಂಡನ್ನಿನ ಕ್ಲಾಪಮ್ ಜಂಕ್ಷನ್ ಅಪಘಾತ, 1988ರ ಡಿಸೆಂಬರ್ 12. 35 ಜನ ಸತ್ತರು. ಹೊಸ ವೈರಿಂಗ್ ಮಾಡುವಾಗ ಟೆಕ್ನಿಷಿಯನ್ ಹಳೇ ವೈರನ್ನು ಒಂದು ತುದಿಯಲ್ಲಿ ಬಿಚ್ಚಿದ, ಇನ್ನೊಂದು ತುದಿ ಹಾಗೇ ಇತ್ತು. ಬಿಚ್ಚಿದ ತುದಿಯನ್ನು ಕತ್ತರಿಸಲಿಲ್ಲ, ಹೊಸ ಟೇಪ್ ಸುತ್ತಲಿಲ್ಲ, ಪಕ್ಕಕ್ಕೆ ಬಗ್ಗಿಸಿ ಬಿಟ್ಟ. ಆಮೇಲೆ ಅದೇ ಜಾಗದಲ್ಲಿ ಬೇರೆ ಕೆಲಸ ಮಾಡುವಾಗ ಅದು ಅಲ್ಲಾಡಿ ಹಳೇ ಟರ್ಮಿನಲ್‌ಗೆ ಹೋಗಿ ತಾಗಿಕೊಂಡಿತು. ಮುಂದೆ ಗಾಡಿ ನಿಂತಿದ್ದರೂ ಸಿಗ್ನಲ್ ಕೆಂಪಾಗಲಿಲ್ಲ. ಅವನು ಸೋಮಾರಿ ಅಲ್ಲ, 13 ವಾರದಲ್ಲಿ ಒಂದೇ ಒಂದು ದಿನ ರಜ ತಗೊಂಡಿದ್ದ. ಅವನು ಮಾಡಿದ್ದನ್ನು ಇನ್ನೊಬ್ಬರು ಬಂದು ವೈರ್ ಎಣಿಸಿ ನೋಡಬೇಕಿತ್ತು, ಯಾರೂ ನೋಡಲಿಲ್ಲ. ನನಗೆ ಆ ರಿಪೋರ್ಟಿನಲ್ಲಿ ಮನಸ್ಸಿಗೆ ನಾಟಿದ್ದು ಇದು: ವರ್ಷಗಳಿಂದ ಅವನು ಅದೇ ರೀತಿ ಕೆಲಸ ಮಾಡುತ್ತಿದ್ದ, ಯಾರೂ ತಿದ್ದಿರಲಿಲ್ಲ. ನಿನಗೆ "ಎಲ್ಲಾ ಕಡೆ ಹೀಗೇ ಮಾಡೋದು" ಅಂದವರನ್ನೂ ಹೀಗೇ ಯಾರೋ ತಿದ್ದದೆ ಬಿಟ್ಟಿದ್ದಾರೆ. ಅವರು ಕೆಟ್ಟವರಲ್ಲ, ಅವರ ಮೇಲೆ ಕೋಪ ಇಟ್ಕೋಬೇಡ. ಆದರೆ ಅವರ ಮಾತು ಕೇಳಬೇಡ.

ಹಾಗಾದರೆ ಗಾಡಿ ಹೊರಗೆ ನಿಂತಿದೆ, ಏನು ಮಾಡೋದು ಅಂತ ಕೇಳ್ತೀಯ. ಮಾಡುವ ದಾರಿ ರೂಲ್ಸಿನಲ್ಲೇ ಇದೆ. ಪಾಯಿಂಟ್ ಹತ್ತಿರ ಹೋಗಿ ಕಣ್ಣಾರೆ ನೋಡಿ, ಕ್ರ್ಯಾಂಕ್ ಹ್ಯಾಂಡಲ್‌ನಲ್ಲಿ ಕೂರಿಸಿ, ಕ್ಲ್ಯಾಂಪ್ ಹಾಕಿ ಬೀಗ ಜಡಿದು, ಸ್ಟೇಷನ್ ಮಾಸ್ಟರ್ ಪೈಲಟ್‌ಗೆ ಬರಹದಲ್ಲಿ ಅನುಮತಿ ಕೊಟ್ಟು ನಿಧಾನಕ್ಕೆ ಒಳಗೆ ತರುತ್ತಾರೆ. ಅರ್ಧ ಗಂಟೆ ಹೋಗಬಹುದು. ಹೋಗಲಿ. ಆಗ ಪೈಲಟ್‌ಗೆ ಕೂಡ ಗೊತ್ತಿರುತ್ತದೆ, ಸಿಗ್ನಲ್ ಇಲ್ಲ, ತಾನೇ ನೋಡಿಕೊಂಡು ಹೋಗಬೇಕು ಅಂತ. ತುಂಡು ವೈರ್ ಹಾಕಿದರೆ ಅವನಿಗೆ ಆ ಎಚ್ಚರವೂ ಇರಲ್ಲ, ಪೂರ್ತಿ ವೇಗದಲ್ಲಿ ಬರುತ್ತಾನೆ.

ರಿಪೇರಿ ಮಾಡುವಾಗ, ಇದನ್ನು ಸದ್ಯ ಬಳಸಬೇಡಿ ಅನ್ನುವ ಡಿಸ್‌ಕನೆಕ್ಷನ್ ಮೆಮೊ ಕೊಟ್ಟು, ಸ್ಟೇಷನ್ ಮಾಸ್ಟರ್ ಸಹಿ ಆದ ಮೇಲೇ ಬಾಕ್ಸ್ ತೆಗಿ. "ಐದು ನಿಮಿಷದ ಕೆಲಸ, ಮೆಮೊ ಯಾಕೆ, ಆಮೇಲೆ ಡಿವಿಜನ್‌ನಿಂದ ಕೇಳ್ತಾರೆ" ಅಂತ ಅವರೂ ಅನ್ನುತ್ತಾರೆ, ಒಮ್ಮೊಮ್ಮೆ ನಮ್ಮ ಮೇಲಿನವರೂ ಅನ್ನುತ್ತಾರೆ. ಆ ಕಾಗದ ಇಲ್ಲದೆ ಮುಟ್ಟಿದರೆ, ಸಿಗ್ನಲ್ ಕೆಲಸ ಮಾಡುತ್ತಿದೆ ಅಂದುಕೊಂಡು ಅವರು ಅತ್ತ ಗಾಡಿ ಓಡಿಸುತ್ತಿರುತ್ತಾರೆ, ನೀನು ಇತ್ತ ವೈರ್ ಬಿಚ್ಚುತ್ತಿರುತ್ತೀಯ. ಕೆಲಸ ಮುಗಿದ ಮೇಲೆ "ಸಿಗ್ನಲ್ ಬಂತು" ಅಂತ, ಇನ್ನು ಬಳಸಬಹುದು ಅನ್ನುವ ರೀಕನೆಕ್ಷನ್ ಬರೆಯಬೇಡ. ಸಿಗ್ನಲ್ ಬರಬಾರದ ಹೊತ್ತಿಗೆ ಬರುತ್ತಿಲ್ಲವಾ ಅಂತ ನೋಡು. ಪ್ಯಾನಲ್‌ನಲ್ಲಿ ಪಾಯಿಂಟ್ ಬಲಕ್ಕೆ ಅಂದರೆ ಒಬ್ಬರನ್ನು ಪಾಯಿಂಟ್ ಹತ್ತಿರ ನಿಲ್ಲಿಸಿ ನಿಜವಾಗಲೂ ಬಲಕ್ಕೆ ಇದೆಯಾ ಅಂತ ಕೇಳು. ಈ ಒಂದು ಕೆಲಸ ಪೂರ್ತಿಯಾಗಿ ಮಾಡಿದ್ದರೆ ಬಾಲಸೋರ್‌ನಲ್ಲಿ ಆ ಸಂಜೆ ಹಾಗಾಗುತ್ತಿರಲಿಲ್ಲ ಅಂತ ನಾನು ನಂಬಿದ್ದೇನೆ. ಮತ್ತೆ ನೀನು ಮಾಡಿದ ವೈರಿಂಗನ್ನು ನೀನೇ ಪಾಸ್ ಮಾಡಬೇಡ. ಇನ್ನೊಬ್ಬರನ್ನು ಕರೆಸು, ಅವರು ಬರುವ ತನಕ ಕಾಯಿ. ನಿನ್ನ ಮೇಲೆ ನನಗೆ ನಂಬಿಕೆ ಇಲ್ಲ ಅಂತ ಅಲ್ಲ. ತಾನೇ ಬರೆದದ್ದನ್ನು ತಾನೇ ತಿದ್ದುವಾಗ ಕಣ್ಣು ತಪ್ಪನ್ನು ದಾಟಿಕೊಂಡು ಹೋಗುತ್ತದೆ, ಎಲ್ಲರದ್ದೂ.

ನಿದ್ದೆಗೆಟ್ಟು ರಿಲೇ ರೂಮಿಗೆ ಹೋಗಬೇಡ. ರಾತ್ರಿಯೆಲ್ಲ ಫೇಲ್ಯೂರ್ ನೋಡಿ ಬೆಳಿಗ್ಗೆ ಗಾಡಿ ನಿಲ್ಲಿಸಿ ಮಾಡುವ ಬ್ಲಾಕ್ ಕೆಲಸಕ್ಕೆ ಬಾ ಅಂದರೆ ಆಗಲ್ಲ ಅನ್ನು. ಹೊಸಬಳು, ಅದೂ ಹುಡುಗಿ, ಕೆಲಸ ತಪ್ಪಿಸಿಕೊಳ್ಳುತ್ತಾಳೆ ಅಂತ ಮಾತಾಡಬಹುದು. ಆಡಲಿ. ಕ್ಲಾಪಮ್ ಆದ ಮೇಲೆ ಆ ದೇಶದಲ್ಲಿ ಇಂಥ ಕೆಲಸದವರ ದುಡಿಮೆಯ ಗಂಟೆಗೆ ಮಿತಿ ಹಾಕಿದರು, ಅದು 35 ಜೀವ ಹೋದ ಮೇಲೆ.

ಒತ್ತಡ ಬಂದಾಗ ಏನು ಹೇಳಬೇಕು ಅಂತಲೂ ನೀನು ಕೇಳಿದ್ದೆ. ವಾದ ಮಾಡಬೇಡ, ಕೂಗಾಡಬೇಡ. "ಸಾರ್, ನೀವು ಹೇಳಿದ್ದನ್ನು ಮೆಮೊದಲ್ಲಿ ಬರೆದು ಸಹಿ ಮಾಡಿ ಕೊಡಿ" ಅನ್ನು, ಅಷ್ಟೆ. ಬಾಯಲ್ಲಿ ಧೈರ್ಯ ಇರುವ ಎಷ್ಟೋ ಜನಕ್ಕೆ ಪೆನ್ನು ಹಿಡಿದಾಗ ಧೈರ್ಯ ಇರಲ್ಲ. ನಾನು ಸರ್ವೀಸಿನಲ್ಲಿದ್ದಾಗ ಹಾಗೆ ಕೇಳಿದ್ದೇನೆ, ಬರೆದುಕೊಟ್ಟವರು ಒಬ್ಬರೂ ಇಲ್ಲ. ಅಕಸ್ಮಾತ್ ಬರೆದುಕೊಟ್ಟರೂ ಹಾಕಬೇಡ, ಅದನ್ನು ಹಿಡಿದು ಮೇಲಿನವರಿಗೆ ಫೋನ್ ಮಾಡು.

ಇಷ್ಟೆಲ್ಲ ಬರೆದು ನಿನ್ನನ್ನು ಹೆದರಿಸಿದೆನೋ ಅಂತ ದೊಡ್ಡಮ್ಮ ಬೈಯುತ್ತಿದ್ದಾಳೆ. ಇಂಟರ್‌ಲಾಕಿಂಗ್ ಸೊಗಸಾದ ಕೆಲಸ ಕಾವ್ಯ. ದಿನಕ್ಕೆ ಎಷ್ಟು ಸಾವಿರ ಜನ ನಿನ್ನ ಸ್ಟೇಷನ್ ದಾಟಿ ಹೋಗುತ್ತಾರೆ, ಅವರಲ್ಲಿ ಒಬ್ಬರಿಗೂ ನೀನು ಯಾರು ಅಂತ ಗೊತ್ತಿರಲ್ಲ, ಆದರೂ ಅವರು ಮಲಗಿಕೊಂಡೇ ಹೋಗುತ್ತಾರೆ. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೆಮ್ಮೆ.

ಒಂದು ಕೆಲಸ ಹೇಳ್ತೀನಿ, ಈ ತಿಂಗಳಲ್ಲೇ ಮಾಡು. ನಿನ್ನ ಸ್ಟೇಷನ್ನಿನ ಒಂದು ಲೊಕೇಶನ್ ಬಾಕ್ಸ್ ಆರಿಸಿಕೋ, ಗೇಟಿನ ಹತ್ತಿರದ್ದೇ ಇರಲಿ. ಡ್ರಾಯಿಂಗ್ ಹಿಡಿದು ಒಂದೊಂದು ಟರ್ಮಿನಲ್ ನೋಡುತ್ತಾ ಹೋಗು. ಯಾವ ವೈರೂ ಮುಟ್ಟಬೇಡ, ಬರೀ ನೋಡು. ಡ್ರಾಯಿಂಗಿನಲ್ಲಿ ಇಲ್ಲದ ವೈರ್ ಇದ್ದರೆ, ಹೆಸರು ಅಳಿಸಿ ಮೇಲೆ ಬೇರೆ ಬರೆದಿದ್ದರೆ, ಒಂದೇ ಟರ್ಮಿನಲ್ಲಿಗೆ ಕಾರಣ ಕಾಣದ ಹಾಗೆ ಎರಡು ವೈರ್ ಕೂತಿದ್ದರೆ, ಬರೆದುಕೊಂಡು ಸೆಕ್ಷನ್ ಇಂಜಿನಿಯರ್‌ಗೆ ಕಾಗದದಲ್ಲಿ ಕೊಡು, ಒಂದು ಪ್ರತಿ ನೀನಿಟ್ಟುಕೋ. ಎಷ್ಟು ಸಿಕ್ಕಿತು ಅಂತ ನನಗೂ ತಿಳಿಸು. ಮುಂದಿನ ಸಲ ಊರಿಗೆ ಬಂದಾಗ ಎರಡು ದಿನ ರಜ ಜಾಸ್ತಿ ಹಾಕಿಕೊಂಡು ಬಾ, ಕೂತು ಸರ್ಕಿಟ್ ಓದೋಣ. ನಿನ್ನ ಅಪ್ಪ ಅಮ್ಮನಿಗೆ ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ದೊಡ್ಡಪ್ಪ
ದಾವಣಗೆರೆ